ಜೇಬಿಗೊಂದು ಹಾಡಿನ ಪೆಟ್ಟಿಗೆ: ಅಂಗಡಿಗೆ ಹೋಗುವ ಮುಂಚೆ

(ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಸಂಗೀತ ಕೇಳುವ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ಶರಣು.

ಕರೆದವರು ನನಗೆ ಹೇಳಿದ್ದು ಇಷ್ಟೇ: "ನೀವು ರಿಪೇರಿ ಮಾಡೋರು. ಯಾವ ಪ್ಲೇಯರ್ ತಗೋಬೇಕು ಅಂತ ಹೇಳಿಬಿಡಿ, ಸಾಕು." ಒಂದು ಹೆಸರು ಹೇಳಿ ಕೂತುಬಿಡಬಹುದಿತ್ತು. ಆದರೆ ಇವತ್ತು ಹೇಳಿದ ಮಾಡೆಲ್ ಬರುವ ದೀಪಾವಳಿಗೆ ಅಂಗಡಿಯಲ್ಲಿ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಾಗಾಗಿ ಮಾಡೆಲ್ ಹೆಸರು ಬೇಡ. ಅಂಗಡಿಯವರು ಎದುರಿಗೆ ಯಾವುದನ್ನೇ ಇಟ್ಟರೂ ಅದನ್ನು ಹೇಗೆ ನೋಡಬೇಕು, ಅದನ್ನು ಹೇಳುತ್ತೇನೆ.

ನಾವು ಕೊಳ್ಳುವ ಕ್ರಮವೇ ಉಲ್ಟಾ ಆಗಿದೆ ಅಂತ ನನ್ನ ಅಭಿಪ್ರಾಯ. ಮೊದಲು ಪ್ಲೇಯರ್ ತರುತ್ತೇವೆ. ಅದರ ಜೊತೆ ಬಂದ ಇಯರ್‌ಫೋನನ್ನೇ ಕಿವಿಗೆ ಹಾಕಿಕೊಳ್ಳುತ್ತೇವೆ. ಆಮೇಲೆ ಯಾರದೋ ಪೆನ್ ಡ್ರೈವ್‌ನಿಂದ ಹಾಡು ತುಂಬಿಸುತ್ತೇವೆ. ಕೇಳಿಸುವುದನ್ನು ನಿಜವಾಗಿ ತೀರ್ಮಾನ ಮಾಡುವುದು ಹಾಡಿನ ಫೈಲು, ಅದಾದ ಮೇಲೆ ಇಯರ್‌ಫೋನು. ಪ್ಲೇಯರ್‌ನದು ಮೂರನೇ ಜಾಗ. ಇವತ್ತಿನ ಮಾತನ್ನೂ ಅದೇ ಕ್ರಮದಲ್ಲಿ ಆಡುತ್ತೇನೆ.

ಅದಕ್ಕೆ ಮುಂಚೆ ಒಂದು ವಿಷಯ. "ಫೋನ್ ಇರುವಾಗ ಇದೆಲ್ಲ ಯಾಕೆ?" ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಹಳಷ್ಟು ಜನಕ್ಕೆ ಫೋನೇ ಸಾಕು, ದುಡ್ಡು ಉಳಿಸಿ. ಆದರೆ ಬೇಕಾದವರೂ ಇದ್ದಾರೆ. ಕುಂದವಾಡ ಕೆರೆ ಸುತ್ತ ಬೆಳಿಗ್ಗೆ ನಡೆಯುವವರನ್ನೇ ನೋಡಿ. ಕಿವಿಯಲ್ಲಿ ವಚನ ನಡೆಯುತ್ತಿರುತ್ತೆ, ಮಧ್ಯೆ "ಲೋನ್ ಬೇಕಾ ಸರ್" ಅಂತ ಕರೆ ಬರುತ್ತೆ. ಚನ್ನಗಿರಿ ಕಡೆ ಅಡಿಕೆ ತೋಟದವರಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಹೊತ್ತಲ್ಲೇ ಬರೋದು. ಮೋಟರ್ ಹಾಕಿ ಕಾಯಬೇಕು. ನೆಟ್‌ವರ್ಕ್ ಸರಿಯಾಗಿ ಇರಲ್ಲ, ಫೋನಿನ ಬ್ಯಾಟರಿ ಬೆಳಗಿನವರೆಗೂ ಉಳಿಯಬೇಕು. ಅವರ ಜೇಬಲ್ಲಿ ಬೇರೆ ಪ್ಲೇಯರ್ ಇದ್ದರೆ ಅನುಕೂಲ. ಪರೀಕ್ಷೆಗೆ ಓದುವ ಹುಡುಗರಿಗೆ ಹಾಡು ಬೇಕು, ಫೋನ್ ಬೇಡ ಅನ್ನುವ ಮನೆಗಳಿವೆ. ಕಣ್ಣು ಕಾಣದವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಟಚ್ ಸ್ಕ್ರೀನ್ ಕಷ್ಟ. ಬೆರಳಿಗೆ ಸಿಗುವ ಬಟನ್ ಇದ್ದರೆ ಅವರೇ ಹಾಕಿಕೊಂಡು ಕೇಳುತ್ತಾರೆ, ಇನ್ನೊಬ್ಬರನ್ನು ಕರೆಯಬೇಕಿಲ್ಲ.

ಈ ಸಾಮಾನಿಗೆ ತುಂಬಾ ವಯಸ್ಸೇನೂ ಆಗಿಲ್ಲ. ಎಂಪಿ3 ಪ್ಲೇಯರ್ ಅಂಗಡಿಗೆ ಬಂದಿದ್ದು 1998ರಲ್ಲಿ. ಮೊದಲು ಕೊರಿಯಾದ ಎಂಪಿಮ್ಯಾನ್, ಅದೇ ವರ್ಷ ಅಮೆರಿಕದ ರಿಯೊ. ರಿಯೊದಲ್ಲಿ ಇದ್ದ ಜಾಗ ಒಟ್ಟು 32 ಎಂಬಿ. ಅರ್ಧ ಗಂಟೆ ಹಾಡು ಹಿಡಿಸಿದರೆ ಹೆಚ್ಚು. ಅಷ್ಟಕ್ಕೇ ಅಲ್ಲಿನ ರೆಕಾರ್ಡಿಂಗ್ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು. 1999ರಲ್ಲಿ ಮೇಲ್ಮನವಿ ಕೋರ್ಟು ರಿಯೊ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪು ಬೇರೆ ಆಗಿದ್ದರೆ 2001ರ ಅಕ್ಟೋಬರ್‌ನಲ್ಲಿ ಐಪಾಡ್ ಬರುತ್ತಿತ್ತೋ ಇಲ್ಲವೋ. ಅದರೊಳಗೆ 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್ ತಿರುಗುತ್ತಿತ್ತು. 2022ರ ಮೇ ತಿಂಗಳಲ್ಲಿ ಆಪಲ್ ಐಪಾಡ್ ಸಾಲನ್ನೇ ನಿಲ್ಲಿಸಿತು. ಎಲ್ಲರೂ ಪ್ಲೇಯರ್ ಕಾಲ ಮುಗೀತು ಅಂದರು. ಮುಗಿದಿಲ್ಲ. ಸೋನಿ ವಾಕ್‌ಮನ್ ಹೆಸರನ್ನು ಬಿಟ್ಟಿಲ್ಲ. ಫಿಯೋ, ಹೈಬಿ, ಶಾನ್‌ಲಿಂಗ್ ಅಂತ ಚೀನಾದ ಕಂಪನಿಗಳು ಹೊಸದು ಮಾಡುತ್ತಲೇ ಇವೆ.

ಈಗ ಹಾಡಿನ ಫೈಲಿಗೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮಲ್ಲಿ ಎಷ್ಟು ಜನರ ಹಾಡುಗಳು ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದಿದ್ದು? ಕಾರ್ಡ್ ಕೊಟ್ಟರೆ "ರಾಜ್‌ಕುಮಾರ್ ಹಳೇದು, ಭಾವಗೀತೆ, ವಚನ" ಅಂತ ಕೇಳಿಕೊಂಡು ತುಂಬಿಸಿ ಕೊಡುತ್ತಿದ್ದರು. ಕಾರ್ಡಿನಲ್ಲಿ ಹೆಚ್ಚು ಹಾಡು ಹಿಡಿಸಬೇಕು ಅಂತ ಆ ಫೈಲುಗಳನ್ನು ಹಿಂಡಿ ಹಿಪ್ಪೆ ಮಾಡಿರುತ್ತಿದ್ದರು. ಎಂಪಿ3 ಮಾಡುವ ಕೆಲಸ ಏನು ಅಂದರೆ, ಒಂದು ದೊಡ್ಡ ಸದ್ದಿನ ಹಿಂದೆ ಮರೆಯಾಗುವ ಸಣ್ಣ ಸದ್ದನ್ನು ನಮ್ಮ ಕಿವಿ ಗಮನಿಸಲ್ಲ ಅನ್ನುವ ಲೆಕ್ಕದ ಮೇಲೆ ಆ ಸಣ್ಣದನ್ನು ಕಿತ್ತು ಹಾಕುವುದು. ಮಿತಿಯಲ್ಲಿ ಕಿತ್ತರೆ ಗೊತ್ತಾಗಲ್ಲ. ಜಾಸ್ತಿ ಕಿತ್ತರೆ ಗೊತ್ತಾಗುತ್ತೆ.

ಎಲ್ಲಿ ಗೊತ್ತಾಗುತ್ತೆ? ಹಾಡುವವರ ದನಿಯಲ್ಲಿ ಹುಡುಕಬೇಡಿ, ಅಲ್ಲಿ ಅದು ಸುಲಭಕ್ಕೆ ಸಿಗಲ್ಲ. ಕಚೇರಿಯ ರೆಕಾರ್ಡಿಂಗ್ ಹಾಕಿ, ಕೊನೆಯ ಚಪ್ಪಾಳೆ ಕೇಳಿ. ಕಡಿಮೆ ಗುಣಮಟ್ಟದ ಫೈಲಿನಲ್ಲಿ ಚಪ್ಪಾಳೆ ಬಿಡಿಬಿಡಿಯಾಗಿ ಕೇಳದೆ ಒಂದೇ ಸಮ ನೀರು ಸುರಿದ ಹಾಗೆ ಕೇಳುತ್ತೆ. ಭಜನೆಯ ತಾಳ, ಗೆಜ್ಜೆ, ತಂಬೂರದ ಝೇಂಕಾರ, ಇವೆಲ್ಲ ಒಂಥರಾ ಸುಂಯ್ ಸುಂಯ್ ಅನ್ನುತ್ತವೆ. ತಬಲಾದ ಪೆಟ್ಟು ಬೀಳುವ ಕ್ಷಣಕ್ಕೆ ಮೊದಲೇ ಒಂದು ಮಬ್ಬು ಸದ್ದು ಬಂದುಬಿಡುತ್ತೆ. ನಂದಿಕೋಲು ಮೆರವಣಿಗೆಯ ಸಮಾಳದ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ಕೇಳಿ ನೋಡಿ. ಪೆಟ್ಟಿನ ಮೊನೆ ಇದೆಯಾ, ಮೊಂಡಾಗಿದೆಯಾ ಅನ್ನುವುದು ತಕ್ಷಣ ತಿಳಿಯುತ್ತೆ.

ಲೆಕ್ಕ ಹೇಳುತ್ತೇನೆ. ಸಿಡಿಯಲ್ಲಿ ಹಾಡು ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತೆ. ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಎಂಪಿ3ಯಲ್ಲಿ 320 ಅಂದರೆ ನಿಮಿಷಕ್ಕೆ 2.4 ಎಂಬಿ. 128 ಅಂದರೆ ಸುಮಾರು 1 ಎಂಬಿ. ಫ್ಲ್ಯಾಕ್ ಅಂತ ಇನ್ನೊಂದು ಇದೆ. ಅದು ಏನನ್ನೂ ಕಿತ್ತು ಹಾಕದೆ ಮಡಚಿ ಇಡುತ್ತೆ, ಬಿಚ್ಚಿದಾಗ ಸಿಡಿಯಲ್ಲಿ ಇದ್ದದ್ದು ಇದ್ದ ಹಾಗೇ ಸಿಗುತ್ತೆ. ಸಾಮಾನ್ಯವಾಗಿ ಸಿಡಿಯ ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತೆ. 32 ಜಿಬಿ ಕಾರ್ಡ್ ಇಟ್ಟುಕೊಳ್ಳಿ. 320ರ ಎಂಪಿ3 ಆದರೆ 200 ಗಂಟೆಗೂ ಜಾಸ್ತಿ. ಫ್ಲ್ಯಾಕ್ ಆದರೆ ಹೆಚ್ಚುಕಮ್ಮಿ 100 ಗಂಟೆ. ಕಾರ್ಡ್ ಇಷ್ಟು ಅಗ್ಗವಾದ ಕಾಲದಲ್ಲಿ 128ಕ್ಕೆ ಹಿಂಡುವ ಅಗತ್ಯವೇ ಇಲ್ಲ.

ಒಬ್ಬರು ನನ್ನ ಹತ್ತಿರ ಬಂದು, "128 ಇದ್ದಿದ್ದನ್ನೆಲ್ಲ ಕಂಪ್ಯೂಟರಲ್ಲಿ 320 ಮಾಡಿಸಿದೀನಿ ಸರ್" ಅಂದರು. ಪಾಪ, ಎರಡು ದಿನ ಕೂತು ಮಾಡಿದ್ದರು. ಹೋದದ್ದು ಹೋಯಿತು, ಅದು ವಾಪಸ್ ಬರಲ್ಲ. ಫೈಲು ದಪ್ಪ ಆಗುತ್ತೆ ಅಷ್ಟೇ, ಸಾರಿಗೆ ನೀರು ಬೆರೆಸಿದ ಹಾಗೆ. 128ಕ್ಕೆ ಹಿಂಡುವಾಗ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಸುತ್ತಮುತ್ತಲಿಂದ ಮೇಲಿನ ಕೀಚು ಸದ್ದನ್ನು ಕತ್ತರಿಸಿರುತ್ತಾರೆ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಎತ್ತರದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ, ತೆಗೆದು ನೋಡಿ. 320 ಅಂತ ಹೆಸರಿದ್ದರೂ ಗೋಡೆ ಕಟ್ಟಿದ ಹಾಗೆ 16ರ ಹತ್ತಿರ ನಿಂತಿದ್ದರೆ ಅನುಮಾನ ಪಡಬೇಕು.

ಇನ್ನು ಹೈ-ರೆಸ್, ಅಂದರೆ ಸಿಡಿಗಿಂತ ಹೆಚ್ಚು ವಿವರ ತುಂಬಿದ ಫೈಲು. ಡಬ್ಬಿಯ ಮೇಲೆ ಬಂಗಾರದ ಬಣ್ಣದ ಲೇಬಲ್ ಅಂಟಿಸಿರುತ್ತಾರೆ. 24 ಬಿಟ್, 192 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ನಲ್ಲಿ ಬರೆದದ್ದು. ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ 24 ಬಿಟ್ ಬೇಕು, ಒಪ್ಪುತ್ತೇನೆ. ಕೇಳುವವರಿಗೆ? ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತೆ, ಅದೂ ಎಳೆ ವಯಸ್ಸಿನಲ್ಲಿ. ಅಳೆಯುವ ವೇಗದ ಅರ್ಧದವರೆಗಿನ ಸದ್ದು ಸಿಗುತ್ತೆ, ಹಾಗಾಗಿ ಸಿಡಿಯ 44.1 ಕಿಲೋಹರ್ಟ್ಸ್ ಲೆಕ್ಕದಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಪೂರ್ತಿ ಹಿಡಿಯುತ್ತೆ. ಈ ಸಭೆಯಲ್ಲಿ ಕೂದಲು ನೆರೆತವರು, ನಾನೂ ಸೇರಿ, 15ರ ಮೇಲಿನದನ್ನು ಕೇಳಿದರೆ ಪುಣ್ಯ. ಇಷ್ಟಾಗಿ 192ರ ಫೈಲು ಹಿಂಡದೆ ಇಟ್ಟರೆ ನಿಮಿಷಕ್ಕೆ ಸುಮಾರು 69 ಎಂಬಿ ತಿನ್ನುತ್ತೆ. ಆ ಲೇಬಲ್‌ಗಾಗಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ ಅಂತಲೇ ನಾನು ಹೇಳೋದು. ಕೋಪ ಮಾಡಿಕೊಳ್ಳುವ ಗೆಳೆಯರು ನನಗೂ ಇದ್ದಾರೆ. ಇರಲಿ.

ಒಳ್ಳೆಯ ಫೈಲು ಎಲ್ಲಿಂದ ತರೋದು? ಮನೆಯಲ್ಲಿ ಹಳೆಯ ಸಿಡಿಗಳಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಂಪ್ಯೂಟರ್‌ಗೆ ಹಾಕಿ ಫ್ಲ್ಯಾಕ್ ಮಾಡಿಟ್ಟುಕೊಳ್ಳಿ. ಹಾಡನ್ನು ಕೊಂಡು ಇಳಿಸಿಕೊಳ್ಳುವ ದಾರಿಯೂ ಇದೆ. ಆಪಲ್‌ನ ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ ಹಾಡಿಗೆ ಬೀಗ ಇರಲ್ಲ, 256ರ ಎಎಸಿ (ಎಂಪಿ3 ತರಹದ್ದೇ ಇನ್ನೊಂದು ಬಗೆ) ಫೈಲು ಬರುತ್ತೆ, ಬಹುತೇಕ ಪ್ಲೇಯರ್‌ಗಳು ಅದನ್ನು ಹಾಡುತ್ತವೆ. ಆದರೆ ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ತರಹದ ಆ್ಯಪ್‌ಗಳಲ್ಲಿ "ಡೌನ್‌ಲೋಡ್" ಒತ್ತಿದರೆ ಬರುವುದು ಬೀಗ ಹಾಕಿದ ಫೈಲು. ಅದು ಆ ಆ್ಯಪ್‌ನೊಳಗೆ ಮಾತ್ರ ನಡೆಯುತ್ತೆ, ಕಾರ್ಡಿಗೆ ಹಾಕಿ ಪ್ಲೇಯರ್‌ಗೆ ಕೊಟ್ಟರೆ ಹಾಡಲ್ಲ. ಇದು ಗೊತ್ತಿಲ್ಲದೆ ಪ್ಲೇಯರ್ ಕೊಂಡು ಆಮೇಲೆ ತಲೆ ಕೆಡಿಸಿಕೊಂಡವರು ತುಂಬಾ ಜನ. ನಿಮ್ಮ ಸಂಗೀತವೆಲ್ಲ ಆ್ಯಪ್‌ನಲ್ಲೇ ಇದ್ದರೆ ನಿಮಗೆ ಬೇಕಾದದ್ದು ಆಂಡ್ರಾಯ್ಡ್ ಇರುವ ಪ್ಲೇಯರ್, ಇಲ್ಲವೇ ಸುಮ್ನೆ ಫೋನೇ.

ಎರಡನೆಯದು ಇಯರ್‌ಫೋನ್. ಇದನ್ನು ಬೇಗ ಮುಗಿಸುತ್ತೇನೆ. ಡಬ್ಬಿಯೊಳಗೆ ಬಂದಿದ್ದನ್ನು ಪಕ್ಕಕ್ಕಿಡಿ. ಕಿವಿಯೊಳಗೆ ಕೂರುವ, ಸಿಲಿಕಾನ್ ಟಿಪ್ ಇರುವ ಇಯರ್‌ಫೋನ್ ತಗೊಳ್ಳಿ. ಮೂರು ಸೈಜಿನ ಟಿಪ್ ಕೊಟ್ಟಿರುತ್ತಾರೆ, ಮೂರನ್ನೂ ಹಾಕಿ ನೋಡಿ. ಎಡಕಿವಿಗೆ ಒಂದು ಸೈಜು, ಬಲಕ್ಕೆ ಇನ್ನೊಂದು ಆಗುವುದೂ ಉಂಟು. ಸರಿಯಾಗಿ ಕೂರದಿದ್ದರೆ ಬೇಸ್ ಪೂರ್ತಿ ಸೋರಿಹೋಗುತ್ತೆ. ಆಗ ಜನ ಪ್ಲೇಯರನ್ನು ಬೈಯುತ್ತಾರೆ. ಸಾವಿರದಿಂದ ಎರಡು ಸಾವಿರದೊಳಗೆ ಇವತ್ತು ಸಿಗುವ ಇಯರ್‌ಫೋನ್ ಹಿಂದೆ ಇದರ ಎಷ್ಟೋ ಪಟ್ಟು ಕೊಟ್ಟರೂ ಸಿಗುತ್ತಿರಲಿಲ್ಲ. ವೈರ್ ಬಿಚ್ಚಿ ಬದಲಾಯಿಸಲು ಬರುವಂಥದ್ದನ್ನೇ ನೋಡಿ. ನನ್ನ ಮೇಜಿಗೆ ಬರುವ ಇಯರ್‌ಫೋನ್‌ಗಳಲ್ಲಿ ಸ್ಪೀಕರ್ ಸುಟ್ಟಿರುವುದು ಅಪರೂಪ. ಪಿನ್ನಿನ ಬುಡದಲ್ಲಿ ಅಥವಾ ವೈರ್ ಎರಡಾಗಿ ಕವಲೊಡೆಯುವ ಜಾಗದಲ್ಲಿ ತುಂಡಾಗಿರುತ್ತೆ, ಅಷ್ಟೇ. ಇಂಪೆಡೆನ್ಸ್ ಅಂತ ಬರೆದಿರುತ್ತಾರೆ, ಅಂದರೆ ಇಯರ್‌ಫೋನ್ ಕರೆಂಟಿಗೆ ಒಡ್ಡುವ ತಡೆ. 16ರಿಂದ 32 ಓಮ್ ಇದ್ದರೆ ಪುಟ್ಟ ಪ್ಲೇಯರ್ ಆರಾಮಾಗಿ ಓಡಿಸುತ್ತೆ. 250, 300 ಓಮ್‌ನ ಸ್ಟುಡಿಯೋ ಹೆಡ್‌ಫೋನ್ ತಂದು ಪುಟ್ಟ ಪ್ಲೇಯರ್‌ಗೆ ಹಾಕಿದರೆ ಪಿಸುಮಾತು ಕೇಳಿದ ಹಾಗಿರುತ್ತೆ.

ಈಗ ಪ್ಲೇಯರ್.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಹಾಡುಗಳಿರುವ ಕಾರ್ಡ್, ನಿಮ್ಮ ಇಯರ್‌ಫೋನ್ ಎರಡನ್ನೂ ಜೇಬಲ್ಲಿ ಹಾಕಿಕೊಂಡು ಹೋಗಿ. ಅಶೋಕ ರಸ್ತೆಯ ಅಂಗಡಿಯಾಗಲಿ, ಬೆಂಗಳೂರಿನ ಶೋರೂಮ್ ಆಗಲಿ, "ಒಂದ್ನಿಮಿಷ ಹಾಕಿ ನೋಡ್ತೀನಿ ಅಣ್ಣಾ" ಅಂದರೆ ಬೇಡ ಅನ್ನಲ್ಲ. ಬೇಡ ಅಂದರೆ ಎದ್ದು ಬನ್ನಿ. ಆನ್‌ಲೈನ್ ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಇದೇ ಪರೀಕ್ಷೆ ಮನೆಯಲ್ಲಿ ಮಾಡಿ.

ಮೊದಲು ಹಾಡು ಹಾಕದೆ, ಇಯರ್‌ಫೋನ್ ಹಾಕಿಕೊಂಡು ಪ್ಲೇಯರ್ ಆನ್ ಮಾಡಿ. ಸ್ಸ್ ಅನ್ನುವ ಸದ್ದು ಕಿವಿಗೆ ಬೀಳುತ್ತಾ ನೋಡಿ. ಬಿದ್ದರೆ ರಾತ್ರಿ ನಿಶ್ಶಬ್ದದಲ್ಲಿ ಆಲಾಪ ಕೇಳುವಾಗ ಅದೂ ಜೊತೆಗೆ ಹಾಡುತ್ತೆ. ಆಮೇಲೆ ವಾಲ್ಯೂಮ್ ಸೊನ್ನೆಯಿಂದ ಒಂದೇ ಮೆಟ್ಟಿಲು ಏರಿಸಿ. ಅಗ್ಗದ ಪ್ಲೇಯರ್‌ಗಳಲ್ಲಿ ಮೊದಲ ಮೆಟ್ಟಿಲೇ ಜೋರಾಗಿರುತ್ತೆ. ಮಲಗುವಾಗ ಕೇಳುವವರಿಗೆ ಅದು ದೊಡ್ಡ ಕಿರಿಕಿರಿ. ಅದರ ಬಗ್ಗೆ ಡಬ್ಬಿಯ ಮೇಲೆ ಯಾರೂ ಬರೆಯಲ್ಲ.

ಮೂರನೇದು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಉದ್ದನೆಯ ಒಂದು ಫೈಲು ಹಾಕಿ. ಮಲ್ಲಿಕಾರ್ಜುನ ಮನ್ಸೂರರ ರಾಗವೋ, ಗಂಗೂಬಾಯಿ ಹಾನಗಲ್ಲರ ಕಚೇರಿಯೋ, ಒಂದು ಪ್ರವಚನವೋ. ಅರ್ಧ ಗಂಟೆ ಮುಂದಕ್ಕೆ ಹೋಗಿ ನೋಡಿ. ಬಟನ್ ಒತ್ತಿ ಹಿಡಿದರೆ ಕೆಲವು ಪ್ಲೇಯರ್ ವೇಗ ಹೆಚ್ಚಿಸಿಕೊಂಡು ಬೇಗ ತಲುಪಿಸುತ್ತೆ. ಕೆಲವು ಆಮೆಯ ಹಾಗೆ ಒಂದೇ ವೇಗದಲ್ಲಿ ತೆವಳುತ್ತೆ. ಈಗ ಮಧ್ಯದಲ್ಲೇ ಆಫ್ ಮಾಡಿ, ಮತ್ತೆ ಆನ್ ಮಾಡಿ. ನಿಲ್ಲಿಸಿದ ಜಾಗದಿಂದಲೇ ಶುರುವಾಗಬೇಕು. ಶುರುವಿನಿಂದ ಹಾಡಿದರೆ ಆ ಪ್ಲೇಯರ್ ಮೂರು ನಿಮಿಷದ ಸಿನಿಮಾ ಹಾಡಿಗೆ ಮಾಡಿದ್ದು, ನಮಗೆ ಬೇಡ. ಹಾಗೇ ಒಂದು ಫೈಲು ಮುಗಿದು ಇನ್ನೊಂದಕ್ಕೆ ಹೋಗುವ ಜಾಗ ಕೇಳಿ. ಆಲಾಪ ಒಂದು ಟ್ರ್ಯಾಕ್, ವಿಲಂಬಿತ್ ಇನ್ನೊಂದು ಟ್ರ್ಯಾಕ್ ಆಗಿ ಸಿಡಿಯಲ್ಲಿ ತುಂಡು ಮಾಡಿರುತ್ತಾರೆ. ಮಧ್ಯೆ ತಂಬೂರ ಟಕ್ ಅಂತ ನಿಂತು ಮತ್ತೆ ಶುರುವಾದರೆ ಜೀವ ಹಿಂಡುತ್ತೆ. ನಿಲ್ಲದೆ ಹೋಗುವುದಕ್ಕೆ ಗ್ಯಾಪ್‌ಲೆಸ್ ಅನ್ನುತ್ತಾರೆ. ಇದೆಯಾ ಅಂತ ಕೇಳಿ, ಕೇಳಿ ಸುಮ್ಮನಾಗದೆ ಹಾಕಿ ನೋಡಿ.

ನಾಲ್ಕನೇದು ಕನ್ನಡ. ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಟ್ಟು ಒಯ್ಯಿರಿ. "ಅಕ್ಕನ ವಚನಗಳು" ಅಂತ ಇಡಿ. ಒತ್ತಕ್ಷರ ಇರುವ ಹೆಸರೇ ಇರಲಿ, ಬೇಕಂತಲೇ. ಕೆಲವು ಪ್ಲೇಯರ್‌ನಲ್ಲಿ ಬರೀ ಚೌಕ ಚೌಕ ಕಾಣುತ್ತೆ. ಕೆಲವುದರಲ್ಲಿ ಅಕ್ಷರ ಬರುತ್ತೆ, ಒತ್ತು ಮಾತ್ರ ಬಿಡಿಸಿಕೊಂಡು ಪಕ್ಕದಲ್ಲಿ ನಿಂತಿರುತ್ತೆ. ಫಾಂಟ್ ಇದ್ದರೆ ಸಾಲದು. ಅಕ್ಷರಗಳನ್ನು ಜೋಡಿಸಿ ಕೂರಿಸುವ ಸಾಫ್ಟ್‌ವೇರ್ ಕೂಡ ಒಳಗೆ ಇರಬೇಕು. ಆಂಡ್ರಾಯ್ಡ್ ಪ್ಲೇಯರ್‌ಗಳಲ್ಲಿ ಈ ತೊಂದರೆ ಇಲ್ಲ. ಸಣ್ಣ ಬಟನ್ ಪ್ಲೇಯರ್ ಆದರೆ ಹೆಚ್ಚಿನವುಗಳಲ್ಲಿ ಇದೆ. ಹಾಗಂತ ಬಿಡಬೇಕಿಲ್ಲ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಆಯಿತು. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳಂತೂ ಎಲ್ಲಿ ಹಾಕಿದರೂ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಬದಲಾಯಿಸಲೇಬೇಕು. ಇನ್ನೊಂದು ಮಾತು. 1, 2, 10 ಅಂತ ನಂಬರ್ ಹಾಕಿದರೆ ಎಷ್ಟೋ ಪ್ಲೇಯರ್ 1 ಆದ ಮೇಲೆ 10 ಹಾಡುತ್ತೆ. 01, 02 ಅಂತ ಹಾಕಿ.

ಕೊನೆಗೆ ಕೈಗೆ ಸಿಗುವ ಭಾಗಗಳು. ಇಯರ್‌ಫೋನ್ ಪಿನ್ ಹಾಕಿ ಮೆಲ್ಲಗೆ ತಿರುಗಿಸಿ. ಸದ್ದು ಒಂದು ಕಿವಿಯಲ್ಲಿ ಹೋಗಿ ಬಂದರೆ ಬೇಡ. ಚಾರ್ಜಿಂಗ್‌ಗೆ ಟೈಪ್-ಸಿ ಇದ್ದರೆ ಒಳ್ಳೆಯದು, ಮನೆಯಲ್ಲಿರುವ ಕೇಬಲ್ಲೇ ಸಾಕು. ಬಟನ್ ಲಾಕ್ ಮಾಡುವ ಸ್ವಿಚ್ ಇದೆಯಾ ನೋಡಿ, ಇಲ್ಲದಿದ್ದರೆ ಜೇಬಿನಲ್ಲಿ ತಾನೇ ಹಾಡು ಬದಲಾಗುತ್ತಿರುತ್ತೆ. ಕಂಪ್ಯೂಟರ್‌ಗೆ ಚುಚ್ಚಿದರೆ ಪೆನ್ ಡ್ರೈವ್ ತರಹ ತೆರೆದುಕೊಳ್ಳಬೇಕು. ಅದರದೇ ಸಾಫ್ಟ್‌ವೇರ್ ಹಾಕಿಕೊಳ್ಳಿ ಅನ್ನುವ ಪ್ಲೇಯರ್ ನನಗಂತೂ ಇಷ್ಟವಿಲ್ಲ. ಆ ಕಂಪನಿ ಸಾಫ್ಟ್‌ವೇರ್ ನಿಲ್ಲಿಸಿದ ದಿನ ನಿಮ್ಮ ಪ್ಲೇಯರ್‌ಗೆ ಹೊಸ ಹಾಡು ಹಾಕಲು ಪರದಾಡಬೇಕು.

ರೇಡಿಯೋ ಬೇಕು ಅನ್ನುವವರಿಗೆ ಒಂದು ಮಾತು. ಇವುಗಳಲ್ಲಿ ಇರುವುದು ಎಫ್‌ಎಂ. ಚಿತ್ರದುರ್ಗ ಆಕಾಶವಾಣಿ ಸಿಗುತ್ತೆ. ಭದ್ರಾವತಿಯ 675 ಮೀಡಿಯಂ ವೇವ್ ಇದರಲ್ಲಿ ಬರಲ್ಲ. ಎಫ್‌ಎಂಗೂ ಇಯರ್‌ಫೋನಿನ ವೈರೇ ಆಂಟೆನಾ. ಬ್ಲೂಟೂತ್ ಹಾಕಿಕೊಂಡು ರೇಡಿಯೋ ಬರ್ತಾ ಇಲ್ಲ ಅಂದರೆ ಪ್ಲೇಯರ್ ಏನು ಮಾಡುತ್ತೆ?

ಬ್ಲೂಟೂತ್ ಅಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ವೈರ್ ಇಲ್ಲದೆ ಕಳಿಸುವಾಗ ಪ್ಲೇಯರ್ ಹಾಡನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತೆ. ಹೇಗೆ ಹಿಂಡುತ್ತೆ ಅನ್ನುವುದಕ್ಕೆ ಬೇರೆ ಬೇರೆ ವಿಧಾನ ಇವೆ. ಎಸ್‌ಬಿಸಿ ಎಲ್ಲದರಲ್ಲೂ ಇರಲೇಬೇಕು. ಎಎಸಿ, ಆಪ್ಟ್‌ಎಕ್ಸ್, ಸೋನಿಯ ಎಲ್‌ಡ್ಯಾಕ್ ಇವು ಎರಡೂ ಕಡೆ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಪ್ಲೇಯರ್‌ನಲ್ಲಿ ಎಲ್‌ಡ್ಯಾಕ್ ಇದ್ದು ಇಯರ್‌ಬಡ್‌ನಲ್ಲಿ ಇಲ್ಲದಿದ್ದರೆ ಕೊಟ್ಟ ದುಡ್ಡು ದಂಡ. ಇನ್ನೊಂದು, ಬ್ಲೂಟೂತ್‌ನಲ್ಲೇ ಕೇಳುವುದಾದರೆ ಪ್ಲೇಯರ್ ಒಳಗಿನ ದುಬಾರಿ ಡ್ಯಾಕ್ ಚಿಪ್ಪಿಗೆ, ಅಂದರೆ ಫೈಲಿನ ಅಂಕಿಗಳನ್ನು ಸದ್ದಾಗಿ ಮಾಡುವ ಚಿಪ್ಪಿಗೆ, ಕೆಲಸವೇ ಇಲ್ಲ. ಇಯರ್‌ಬಡ್ ಒಳಗಿನ ಚಿಪ್ಪೇ ಸದ್ದು ಮಾಡೋದು. ವೈರ್ ಬೇಡ ಅನ್ನುವವರು ದುಬಾರಿ ಪ್ಲೇಯರ್ ಕೊಳ್ಳುವ ಮುಂಚೆ ಇದನ್ನು ಯೋಚನೆ ಮಾಡಿ.

ಕಾರ್ಡ್ ಬಗ್ಗೆ ಎಚ್ಚರ. ಅರ್ಧ ಬೆಲೆಗೆ 512 ಜಿಬಿ ಅಂದರೆ ನಂಬಬೇಡಿ. ಒಳಗಿನ ಚಿಪ್ಪು ಸುಳ್ಳು ಸೈಜು ಹೇಳುವ ಹಾಗೆ ಮಾಡಿರುತ್ತಾರೆ. ತುಂಬುವಾಗ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ, ಕೇಳುವಾಗ ಅರ್ಧಕ್ಕರ್ಧ ಹಾಡು ಇರಲ್ಲ. ಎಚ್‌ಟುಟೆಸ್ಟ್‌ಡಬ್ಲ್ಯೂ ಅಂತ ಒಂದು ಉಚಿತ ಪ್ರೋಗ್ರಾಂ ಇದೆ, ಅದು ಕಾರ್ಡನ್ನು ಪೂರ್ತಿ ತುಂಬಿ, ಓದಿ ನೋಡಿ ನಿಜ ಹೇಳುತ್ತೆ. ಹಳೇ ಪ್ಲೇಯರ್ ಇದ್ದವರು 32 ಜಿಬಿಗಿಂತ ದೊಡ್ಡ ಕಾರ್ಡ್ ತರುವ ಮುಂಚೆ ಕೇಳಿ. 64 ಜಿಬಿಯ ಕಾರ್ಡುಗಳು ಎಕ್ಸ್‌ಫ್ಯಾಟ್ ಅನ್ನುವ ರೀತಿಯಲ್ಲಿ ಬರುತ್ತವೆ, ಹಳೇ ಪ್ಲೇಯರ್‌ಗಳಿಗೆ ಅದು ಓದಲು ಬರಲ್ಲ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದರೆ ಕೆಲವು ಓದುತ್ತವೆ.

ಇಷ್ಟಾದ ಮೇಲೆ ನನ್ನ ಸಲಹೆ ಹೇಳುತ್ತೇನೆ. ನಿಮ್ಮ ಮನೆಯ ಬೀರುವಿನಲ್ಲಿ ಇಯರ್‌ಫೋನ್ ಜಾಕೂ ಕಾರ್ಡ್ ಸ್ಲಾಟೂ ಇರುವ ಹಳೇ ಫೋನ್ ಬಿದ್ದಿದ್ದರೆ, ಬ್ಯಾಟರಿ ಉಬ್ಬಿಲ್ಲದಿದ್ದರೆ, ಅದೇ ನಿಮ್ಮ ಪ್ಲೇಯರ್. ಸಿಮ್ ತೆಗೆಯಿರಿ, ಏರೋಪ್ಲೇನ್ ಮೋಡ್ ಹಾಕಿ, ಬೇಡದ ಆ್ಯಪ್ ತೆಗೆದು ಹಾಕಿ. ಉಳಿದ ದುಡ್ಡನ್ನು ಇಯರ್‌ಫೋನ್‌ಗೆ ಹಾಕಿ. ಅದಿಲ್ಲದಿದ್ದರೆ, ಇರುವ ಫೋನಿಗೆ ಜಾಕ್ ಇಲ್ಲದಿದ್ದರೆ, ಟೈಪ್-ಸಿ ಡಾಂಗಲ್, ಅಂದರೆ ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಅದಕ್ಕೆ ಇಯರ್‌ಫೋನ್ ಹಾಕುವ ಪುಟ್ಟ ವೈರು, ತಗೊಳ್ಳಿ. ಡ್ಯಾಕ್ ಒಳಗೇ ಇರುವ ಡಾಂಗಲ್ ಅಂತ ಕೇಳಿ ತಗೊಳ್ಳಿ. ಡ್ಯಾಕ್ ಇಲ್ಲದವೂ ನೋಡಲು ಹಾಗೇ ಇರುತ್ತವೆ, ಒಂದು ಫೋನಲ್ಲಿ ನಡೆದು ಇನ್ನೊಂದರಲ್ಲಿ ಸದ್ದೇ ಬರಲ್ಲ. ಬೇರೆಯದೇ ಪ್ಲೇಯರ್ ಬೇಕು ಅಂದರೆ ಬಟನ್ ಇರುವ, ನೆಟ್ ಇಲ್ಲದ, ಕಾರ್ಡ್ ಹಾಕುವ ಸಣ್ಣದು. ಹತ್ತಾರು ಸಾವಿರದ ಆಂಡ್ರಾಯ್ಡ್ ಪ್ಲೇಯರ್ ಕೊಳ್ಳುವ ಶಕ್ತಿ, ಖುಷಿ ಎರಡೂ ಇದ್ದವರು ಕೊಳ್ಳಿ, ನಾನು ಬೇಡ ಅನ್ನಲ್ಲ. ಅದರ ಆಂಡ್ರಾಯ್ಡ್ ಹಳೆಯದಾದಾಗ ಆ್ಯಪ್‌ಗಳು ಒಂದೊಂದೇ ಕೈಕೊಡುತ್ತವೆ ಅನ್ನುವುದು ನೆನಪಿರಲಿ.

ಆಮೇಲೆ ಪ್ರಶ್ನೆಗಳು ಬಂದವು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: "ಕಂಪನಿ ನಾಟಕದ ಕ್ಯಾಸೆಟ್ ಒಂದು ಪೆಟ್ಟಿಗೆ ತುಂಬ ಇದಾವೆ. ಅವನ್ನು ಈ ಪ್ಲೇಯರ್‌ಗೆ ತರಬಹುದೇನಪ್ಪಾ?"

ಖಂಡಿತ ತರಬಹುದು ಯಜಮಾನ್ರೇ. ಚಿಂದೋಡಿ ಲೀಲಾ ಅವರ ಊರಿದು, ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬೆಳೆದವರು ಈ ಸಭೆಯಲ್ಲೇ ಇದ್ದೀರಿ. ಅಂಥ ರೆಕಾರ್ಡಿಂಗ್ ಇದ್ದರೆ ತಡ ಮಾಡಬೇಡಿ, ಟೇಪು ವರ್ಷ ಕಳೆದ ಹಾಗೆ ಹಾಳಾಗುತ್ತೆ. ಓಡುವ ಸ್ಥಿತಿಯಲ್ಲಿರುವ ಒಂದು ಟೇಪ್ ರೆಕಾರ್ಡರ್ ಬೇಕು. ಟೇಪು ತಾಗಿ ಓಡುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ವಾಪಸ್ ಸುತ್ತಿ, ಆಮೇಲೆ ಹಾಕಿ. ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಕಂಪ್ಯೂಟರ್‌ನ ಲೈನ್-ಇನ್‌ಗೆ, ಅಂದರೆ ಹೊರಗಿನ ಸದ್ದು ಒಳಗೆ ತಗೊಳ್ಳುವ ತೂತಿಗೆ, ಕೊಡಿ. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ. ಸದ್ದಿನ ಗೆರೆ ಮೇಲಿನ ಅಂಚಿಗೆ ತಾಗಬಾರದು. ಮೂಲವನ್ನು ಫ್ಲ್ಯಾಕ್ ಆಗಿ ಎರಡು ಕಡೆ ಇಡಿ. ಕೇಳಲು ಬೇಕಾದ ಪ್ರತಿ ಬೇರೆ ಮಾಡಿ. ಬರೀ ಮಾತಾದರೆ ಮೋನೋದಲ್ಲಿ (ಎಡ, ಬಲ ಬೇರೆ ಮಾಡದೆ) 64 ಕಿಲೋಬಿಟ್ ಸಾಕು. 90 ನಿಮಿಷದ ಕ್ಯಾಸೆಟ್ 45 ಎಂಬಿಯೊಳಗೆ ಮುಗಿಯುತ್ತೆ. ರಂಗಗೀತೆ, ಹಾರ್ಮೋನಿಯಂ ಇದ್ದರೆ ಇನ್ನೂ ಜಾಸ್ತಿ ಇಡಿ.

ಒಬ್ಬ ಹುಡುಗಿ ಕೇಳಿದಳು: "ಅಂಕಲ್, ಹಳೇ ರೆಕಾರ್ಡ್‌ಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡರೆ ತಪ್ಪಾ?"

ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತೆ. ಅದು ಕಳೆದ 78 ಆರ್‌ಪಿಎಂ ರೆಕಾರ್ಡುಗಳು ಬೇಕಾದಷ್ಟಿವೆ. ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತೆ ಮಗಳೇ. ಹೊಸ ಸಿನಿಮಾ ಹಾಡಿಗೆ ಈ ಲೆಕ್ಕ ಹಚ್ಚಬೇಡ.

"ಮಗ ದಿನಾ ಇಯರ್‌ಫೋನ್ ಹಾಕ್ಕೊಂಡೇ ಮಲಗ್ತಾನೆ, ಕಿವಿ ಹೋಗಲ್ವಾ?" ಅಂತ ಒಬ್ಬ ತಾಯಿ ಕೇಳಿದರು.

ಎಷ್ಟು ಜೋರು, ಎಷ್ಟು ಹೊತ್ತು, ಎರಡೂ ಸೇರಿ ಲೆಕ್ಕ ಅಮ್ಮಾ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ 75. ಅದೇ 90ಕ್ಕೆ ಏರಿಸಿದರೆ ದೊಡ್ಡವರಿಗೂ ವಾರಕ್ಕೆ ನಾಲ್ಕೇ ಗಂಟೆ. ಬಸ್ಸಿನಲ್ಲಿ ಇಂಜಿನ್ ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತೇವಲ್ಲ, ಅಲ್ಲೇ ಕಿವಿಗೆ ಪೆಟ್ಟು ಬೀಳೋದು. ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಆದರೆ ಹೊರಗಿನ ಸದ್ದು ತಡೆಯುತ್ತೆ, ಕಡಿಮೆ ವಾಲ್ಯೂಮ್‌ನಲ್ಲೇ ಕೇಳಬಹುದು. ರಸ್ತೆಯಲ್ಲಿ ನಡೆಯುವಾಗ ಮಾತ್ರ ಅದು ಬೇಡ, ಹಾರ್ನ್ ಕೇಳಲ್ಲ. ಮಗನ ಪ್ಲೇಯರ್‌ನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಲಿಮಿಟ್ ಅಂತ ಇರುತ್ತೆ, ಅದನ್ನು ಇಳಿಸಿಡಿ. ಸ್ಲೀಪ್ ಟೈಮರ್ ಇದ್ದರೆ 30 ನಿಮಿಷಕ್ಕೆ ಇಡಿ, ತಾನೇ ಆಫ್ ಆಗುತ್ತೆ.

ಕೊನೆಯ ಪ್ರಶ್ನೆ ಬ್ಯಾಟರಿಯದು. ಡಬ್ಬಿಯ ಮೇಲೆ 30 ಗಂಟೆ ಅಂತಿದೆ, ಮನೆಯಲ್ಲಿ ಅಷ್ಟು ಬರಲ್ಲ, ಯಾಕೆ ಅಂತ. ಆ ಲೆಕ್ಕ ಸಾಮಾನ್ಯವಾಗಿ ಸ್ಕ್ರೀನ್ ಆಫ್ ಇಟ್ಟು, ಹಗುರವಾದ ಎಂಪಿ3 ಹಾಕಿ, ವೈರ್ ಇಯರ್‌ಫೋನಿನಲ್ಲಿ ಕಡಿಮೆ ವಾಲ್ಯೂಮ್ ಇಟ್ಟು ಅಳೆದದ್ದು. ಬ್ಲೂಟೂತ್ ಹಾಕಿ, ಆಗಾಗ ಸ್ಕ್ರೀನ್ ನೋಡಿದರೆ ಅಷ್ಟು ಎಲ್ಲಿಂದ ಬರಬೇಕು? ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ಖಾಲಿ ಮಾಡಿ ಇಡಬೇಡಿ, ಪೂರ್ತಿ ತುಂಬಿಸಿಯೂ ಇಡಬೇಡಿ. ಅರ್ಧ ಚಾರ್ಜ್ ಮಾಡಿ, ಬಿಸಿಲು ತಾಗದ ಕಡೆ ಇಡಿ. ನಮ್ಮೂರ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಹಿಂದಿನ ಮುಚ್ಚಳ ಉಬ್ಬಿದ ಹಾಗೆ ಕಂಡರೆ ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ ರಿಪೇರಿಯವರ ಹತ್ತಿರ ತನ್ನಿ. ಹೆಚ್ಚಿನ ಪ್ಲೇಯರ್‌ಗಳಿಗೆ ಬ್ಯಾಟರಿ ಬದಲಾಯಿಸಲು ಬರುತ್ತೆ.